ಚಾಲಕ ತೊಗಟೆಯ ಬಾಹ್ಯೋದ್ದೀಪನ: ಅಳತೆಗೋಲೋ, ಚಿಕಿತ್ಸೆಯೋ?

ಮಿದುಳಿನ ಮೇಲ್ಪದರದಲ್ಲಿ, ನೆತ್ತಿಯ ನಡುವಿನಿಂದ ಕಿವಿಯ ಕಡೆಗೆ ಪಟ್ಟಿಯಂತೆ ಇಳಿದಿರುವ ಒಂದು ಭಾಗವು ಕೈಕಾಲುಗಳ ಇಚ್ಛಾಚಲನೆಗೆ ಮುಖ್ಯ ಆಧಾರವೆಂಬುದು ವಿದಿತವಾದ ವಿಷಯವೇ. ೧೮೭೦ರಲ್ಲಿ ಬರ್ಲಿನ್ ನಗರದಲ್ಲಿ ಫ್ರಿಚ್ ಮತ್ತು ಹಿಟ್ಸಿಗ್ ಎಂಬಿಬ್ಬರು ನಾಯಿಯ ತಲೆಬುರುಡೆಯನ್ನು ತೆರೆದು ಈ ಭಾಗಕ್ಕೆ ವಿದ್ಯುತ್ತನ್ನು ಸೋಂಕಿಸಲು, ಎದುರು ಪಕ್ಕದ ಕಾಲು ಅದಿರಿತು. ಈ ಭಾಗಕ್ಕೆ ಇಲ್ಲಿ ಚಾಲಕ ತೊಗಟೆಯೆಂಬ ಹೆಸರನ್ನು ಬಳಸಲಾಗಿದೆ. ಬುರುಡೆಯನ್ನು ತೆರೆಯದೆಯೇ ಎಚ್ಚರವಿರುವ ಮನುಷ್ಯನ ಚಾಲಕ ತೊಗಟೆಯನ್ನು ಮುಟ್ಟಬಹುದೆಂದು ತೋರಲು ಆ ಮೇಲೆ ನೂರಹತ್ತು ವರ್ಷಗಳೇ ಹಿಡಿದುವು. ೧೯೮೦ರಲ್ಲಿ ಲಂಡನ್ನಿನ ಮರ್ಟನ್ ಮತ್ತು ಮಾರ್ಟನ್ ಎಂಬವರು ನೆತ್ತಿಯ ಚರ್ಮದ ಮೇಲಿಂದಲೇ ಕ್ಷಣಿಕವಾದ ಪ್ರಬಲ ವಿದ್ಯುದಾಘಾತವನ್ನು ಕೊಟ್ಟು ಕೈಯನ್ನು ಆಡಿಸಿದರು. ಕೈ ಆಡಿದ್ದು ನಿಜ. ಆದರೆ ಆ ಆಘಾತದ ನೋವನ್ನು ಸಹಿಸುವುದು ಕಷ್ಟವಾಗಿತ್ತು. ಐದು ವರ್ಷಗಳ ತರುವಾಯ, ೧೯೮೫ರಲ್ಲಿ, ಶೆಫೀಲ್ಡಿನ ಬಾರ್ಕರ್ ಮತ್ತು ಸಂಗಡಿಗರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಚಿಕ್ಕ ವರದಿಯನ್ನು ಪ್ರಕಟಿಸಿ, ನೋವಿಲ್ಲದ ದಾರಿಯನ್ನು ತೋರಿಸಿಕೊಟ್ಟರು.

ಅವರ ಉಪಾಯವು ಫ್ಯಾರಡೆಯು ೧೮೩೧ರಲ್ಲಿ ಕಂಡ ಪ್ರೇರಣಾತತ್ತ್ವವೇ ಹೊರತು ಬೇರೆಯಲ್ಲ. ತಲೆಯ ಮೇಲೆ ಹಿಡಿದ ತಾಮ್ರದ ತಂತಿಯ ಸುರುಳಿಯಲ್ಲಿ ಸಾವಿರಾರು ಆಂಪಿಯರುಗಳ ವಿದ್ಯುತ್ತು ಒಂದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತಿನಲ್ಲಿ ಏರುತ್ತದೆ. ಅದರಿಂದ ಹುಟ್ಟುವ ಒಂದೂವರೆ ಎರಡು ಟೆಸ್ಲಾದಷ್ಟು ಕಾಂತಕ್ಷೇತ್ರಕ್ಕೆ ಎಲುಬು ಅಡ್ಡಿಯಾಗುವುದಿಲ್ಲ. ಬದಲಾಗುವ ಕಾಂತಕ್ಷೇತ್ರವು ಕೆಳಗಿನ ತೊಗಟೆಯಲ್ಲಿ ಅಲ್ಪ ವಿದ್ಯುತ್ತನ್ನು ಹುಟ್ಟಿಸುತ್ತದೆ, ನರಕೋಶಗಳು ಮಿಡಿಯುತ್ತವೆ, ಸುಮಾರು ೨೦ ಮಿಲಿಸೆಕೆಂಡುಗಳಲ್ಲಿ ಎದುರು ಕೈಯ ಸಣ್ಣ ಸ್ನಾಯು ಅದಿರುತ್ತದೆ. ಸ್ನಾಯುವಿನ ಮೇಲೆ ಅಂಟಿಸಿದ ತಗಡುಗಳು ಆ ಅದಿರನ್ನು ವೋಲ್ಟಿನ ಲೆಕ್ಕದಲ್ಲಿ ಬರೆದಿಡುತ್ತವೆ. ಇದು ಯಾವ ಕತ್ತಿಯ ಸೋಂಕೂ ಇಲ್ಲದ ಪ್ರಯೋಗ. ಅಪಸ್ಮಾರವುಳ್ಳವರನ್ನೂ ತಲೆಯಲ್ಲಿ ಲೋಹದ ತುಂಡುಗಳಿರುವವರನ್ನೂ ಮೊದಲೇ ವಿಚಾರಿಸಿ ಬಿಡತಕ್ಕದ್ದೆಂಬ ನಿಯಮವನ್ನು ಪಾಲಿಸಿದರೆ ಅಪಾಯವೂ ವಿರಳ.

ಈ ಕ್ರಿಯೆಗೆ ಕನ್ನಡದಲ್ಲಿ ‘ಉದ್ದೀಪನ’ವೆಂಬ ಮಾತು ಚೆನ್ನಾಗಿ ಒಪ್ಪುತ್ತದೆ. ಆಲಂಕಾರಿಕರ ಮತದಲ್ಲಿ ಉದ್ದೀಪನ ವಿಭಾವವು ಸ್ಥಾಯಿಭಾವವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಕೆರಳಿಸುತ್ತದೆ. ಬೆಳುದಿಂಗಳು ವಿರಹಿಗೊಂದು ಬಗೆ, ಕೂಡಿದವರಿಗೊಂದು ಬಗೆ. ಪಾರಿಭಾಷಿಕ ಪದವನ್ನು ಆರಿಸುವವರು ಸಾಮಾನ್ಯವಾಗಿ ಇಷ್ಟು ದೂರ ಯೋಚಿಸುವುದಿಲ್ಲ; ಆದರೂ ಈ ಪದದೊಳಗೆ ಅಡಗಿರುವ ಎಚ್ಚರಿಕೆಯನ್ನು ಪ್ರಯೋಗಶಾಲೆಗಳು ಬಹುಕಾಲ ಮರೆತಿದ್ದುವೆಂಬುದು ಮುಂದೆ ತಿಳಿದುಬರುತ್ತದೆ.

ಕಾಂತೋದ್ದೀಪನದಿಂದ ಆಗುವ ಕೆಲಸಗಳು ಎರಡು ಬಗೆಯವು. ಒಂದೊಂದೇ ಮಿಡಿತವನ್ನು ಕೊಟ್ಟು ತೊಗಟೆಯ ಸ್ಥಿತಿಯನ್ನು ಅಳೆಯುವುದು ಮೊದಲನೆಯದು. ಮಿಡಿತಗಳನ್ನು ಸಾಲುಸಾಲಾಗಿ ಕೊಟ್ಟು ಆ ಸ್ಥಿತಿಯನ್ನೇ ಬದಲಾಯಿಸಲು ಹವಣಿಸುವುದು ಎರಡನೆಯದು. ಈ ಎರಡಕ್ಕೂ ಯಂತ್ರವೊಂದೇ ಆದುದರಿಂದ ಮೊದಲನೆಯದಕ್ಕೆ ಸಂದ ಗೌರವವನ್ನು ಎರಡನೆಯದೂ ಕಡವಾಗಿ ಪಡೆದುಕೊಂಡಿತು. ಈ ವಾಙ್ಮಯದ ಮುಖ್ಯ ದೋಷವು ಇಲ್ಲಿಯೇ ಇದೆ.

ಅಳತೆಯ ಕೆಲಸದಲ್ಲಿ ಇದರ ಯೋಗ್ಯತೆ ದೊಡ್ಡದು. ಹತ್ತು ಮಿಡಿತಗಳಲ್ಲಿ ಐದಕ್ಕಾದರೂ ಸ್ನಾಯುವು ೫೦ ಮೈಕ್ರೋವೋಲ್ಟಿನಷ್ಟು ಉತ್ತರ ಕೊಡುವ ಅತಿ ಕಡಮೆಯ ಶಕ್ತಿಗೆ ‘ಚಾಲಕ ಹೊಸ್ತಿಲು’ ಎನ್ನಬಹುದು. ಹೊಸ್ತಿಲಿಗಿಂತ ಕಡಮೆಯ ಒಂದು ಮಿಡಿತವನ್ನು ಮೊದಲು ಕೊಟ್ಟು, ಕೆಲವೇ ಮಿಲಿಸೆಕೆಂಡುಗಳ ಬಳಿಕ ಬಲವಾದ ಇನ್ನೊಂದನ್ನು ಕೊಟ್ಟರೆ ಎರಡನೆಯದರ ಫಲ ಕುಗ್ಗುತ್ತದೆಂದು ಕುಜಿರೈ ಮತ್ತು ಸಂಗಡಿಗರು ೧೯೯೩ರಲ್ಲಿ ತೋರಿಸಿದರು. ತೊಗಟೆಯೊಳಗೆ ಒಂದನ್ನೊಂದು ತಡೆಯುವ ಕೋಶಗಳ ಕೆಲಸವು ಹೀಗೆ ಹೆಬ್ಬೆರಳಿನ ಬುಡದಲ್ಲಿ ಕಾಣಿಸಿಕೊಂಡಿತು. ಬೆನ್ನುಹುರಿಯ ಮಾರ್ಗ ಕೆಟ್ಟಿರುವಲ್ಲಿ ಉತ್ತರ ತಡವಾಗಿ ಬರುವುದನ್ನು ವೈದ್ಯರು ರೋಗನಿದಾನಕ್ಕೂ ಉಪಯೋಗಿಸುತ್ತಾರೆ. ಇವುಗಳ ವಿಷಯದಲ್ಲಿ ಹೆಚ್ಚಿನ ವಿವಾದವಿಲ್ಲ.

ಕರ್ಣಾಟಕದಲ್ಲಿ ಈ ಅಳತೆಗೋಲನ್ನು ಧೈರ್ಯದಿಂದ ಬಳಸಿದ ಸಂಶೋಧನೆಯೆಂದರೆ ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಿಂದ, ಎಂದರೆ ಜನರು ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಿಂದ, ಹೊರಟದ್ದು. ಉರ್ವಖ್ಶ್ ಮೆಹತಾ, ಜಗದೀಶ ತೀರ್ಥಹಳ್ಳಿ, ಬಸವರಾಜು, ಬಿ. ಎನ್. ಗಂಗಾಧರ ಇವರು ಅಮೆರಿಕದ ಪಾಸ್ಕುವಲ್-ಲಿಯೋನ್ ಅವರೊಡನೆ ೨೦೧೪ರಲ್ಲಿ ‘ಸ್ಕಿಜೋಫ್ರೇನಿಯಾ ಬುಲೆಟಿನ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ವಿಚಾರಾರ್ಹವಾಗಿದೆ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದಿಂದ ಬಳಲುವವರಿಗೆ ಇತರರ ಮನಸ್ಸನ್ನು ಊಹಿಸುವುದು ಕಷ್ಟವಾಗುತ್ತದೆ. ಎದುರಿನವರ ಮಾತಿನ ಇಂಗಿತವಾಗಲಿ ಮುಖದ ಭಾವವಾಗಲಿ ಅವರಿಗೆ ಬೇಗ ತಿಳಿಯುವುದಿಲ್ಲ. ಇತ್ತ ಇಟಲಿಯ ಪಾರ್ಮಾ ನಗರದ ವಿದ್ವಾಂಸರು ೧೯೯೨ರಲ್ಲಿ, ತಾನು ಮಾಡುವಾಗಲೂ ಬೇರೊಬ್ಬರು ಮಾಡುವುದನ್ನು ನೋಡುವಾಗಲೂ ಮಿಡಿಯುವ ನರಕೋಶಗಳನ್ನು ಕೋತಿಯ ಮಿದುಳಿನಲ್ಲಿ ಕಂಡು ವರದಿಮಾಡಿದ್ದರು. ಇವಕ್ಕೆ ಕನ್ನಡಿಕೋಶಗಳೆಂದು ಹೆಸರಾಯಿತು. ಮನುಷ್ಯನು ಇನ್ನೊಬ್ಬರ ಕೈಚಲನೆಯನ್ನು ನೋಡುವಾಗ ಅವನ ಸ್ವಂತ ಕೈಯ ಉತ್ತರವೂ ಹಿಗ್ಗುತ್ತದೆಂದು ೧೯೯೫ರಲ್ಲಿ ಫಾಡಿಗಾ ಮೊದಲಾದವರು ಕಾಂತೋದ್ದೀಪನದಿಂದಲೇ ತೋರಿಸಿದರು. ಈ ಎರಡು ಎಳೆಗಳನ್ನು ಬೆಂಗಳೂರಿನವರು ಹೆಣೆದರು.

ಬಲಗೈ ಬಳಕೆಯ ೫೪ ರೋಗಿಗಳನ್ನೂ ೪೫ ಸ್ವಸ್ಥರನ್ನೂ ಅವರು ಪರೀಕ್ಷಿಸಿದರು. ರೋಗಿಗಳಲ್ಲಿ ೩೩ ಜನ ಅದುವರೆಗೆ ಆ ರೋಗದ ಔಷಧವನ್ನೇ ಸೇವಿಸದವರು. ಹೆಬ್ಬೆರಳು ತೋರುಬೆರಳುಗಳ ನಡುವಿನ ಸ್ನಾಯುವಿನಿಂದ ಉತ್ತರವನ್ನು ಪಡೆಯುತ್ತ, ಆ ಸ್ನಾಯುವೇ ದುಡಿಯುವಂಥ ಒಂದು ಕೈಕೆಲಸವನ್ನು ಪ್ರತ್ಯಕ್ಷವಾಗಿಯೂ ಚಲಚ್ಚಿತ್ರದಲ್ಲಿಯೂ ತೋರಿಸಿದರು. ನಿಶ್ಚಲವಾದ ಚಿತ್ರವನ್ನೂ ತೋರಿಸಿದರು. ಕ್ರಿಯೆಯನ್ನು ನೋಡುವಾಗ ಉತ್ತರವು ಎಷ್ಟು ಹಿಗ್ಗಿತೆಂಬುದೇ ಅವರ ಅಳತೆ. ಔಷಧ ಸೇವಿಸದ ರೋಗಿಗಳಲ್ಲಿ ಈ ಹಿಗ್ಗುವಿಕೆ ಉಳಿದೆರಡು ಗುಂಪಿನವರಿಗಿಂತ ಕುಂಠಿತವಾಗಿತ್ತು. ರೋಗಿಗಳಲ್ಲಿ ಹಿಗ್ಗುವಿಕೆ ಹೆಚ್ಚಿದ್ದವರು ಪರರ ಮನಸ್ಸನ್ನು ಊಹಿಸುವ ಪರೀಕ್ಷೆಯಲ್ಲಿಯೂ ಮೇಲಾಗಿದ್ದರು.

ಈ ಪ್ರಯೋಗದ ಕಷ್ಟವನ್ನು ಬಲ್ಲವರೇ ಬಲ್ಲರು. ಔಷಧವನ್ನು ಮುಟ್ಟಿರದ ಮೂವತ್ತಮೂರು ಜನರನ್ನು, ಅವರ ಒಪ್ಪಿಗೆಯಿಂದ, ಯಂತ್ರದ ಮುಂದೆ ಕೂರಿಸುವುದು ಸಾಮಾನ್ಯವಾದ ಕೆಲಸವಲ್ಲ. ಔಷಧವು ಸ್ವತಃ ಮಿದುಳನ್ನು ಬದಲಿಸುವುದರಿಂದ, ರೋಗದ ಫಲ ಯಾವುದು, ಔಷಧದ ಫಲ ಯಾವುದು ಎಂದು ಬಿಡಿಸಲಾಗದ ತೊಡಕು ಈ ಕ್ಷೇತ್ರದ ಹಳೆಯ ಶಾಪ. ಅದನ್ನು ನೇರವಾಗಿ ಎದುರಿಸಿದ್ದರಿಂದ ಲೇಖನಕ್ಕೆ ಬೆಲೆ ಬಂದಿದೆ.

ಹಾಗಿದ್ದರೂ ಸ್ನಾಯುವಿನ ಅದಿರಿನಿಂದ ಮನಸ್ಸಿನ ಊಹೆಯವರೆಗೆ ಕಟ್ಟಿದ ಸೇತುವೆಯ ಕಂಬಗಳನ್ನು ಒಂದೊಂದಾಗಿ ತಟ್ಟಿನೋಡಬೇಕಾಗಿದೆ. ಕಾಂತೋದ್ದೀಪನವು ಅಳೆಯುವುದು ಚಾಲಕ ತೊಗಟೆಯಿಂದ ಬೆನ್ನುಹುರಿಯ ಮೂಲಕ ಸ್ನಾಯುವಿಗೆ ಹೋಗುವ ಇಡೀ ಮಾರ್ಗದ ಉದ್ವೇಗವನ್ನು. ಕನ್ನಡಿಕೋಶಗಳನ್ನು ಅದು ನೇರವಾಗಿ ಕಾಣಲಾರದು. ನೋಡುವವನ ಗಮನವು ಹೆಚ್ಚಿದಾಗಲೂ ಈ ಉದ್ವೇಗವು ಬದಲಾಗಬಲ್ಲುದು. ನಿಶ್ಚಲ ಚಿತ್ರಕ್ಕಿಂತ ಚಲಿಸುವ ಕೈ ಹೆಚ್ಚು ಗಮನ ಸೆಳೆಯುವುದು ಸಹಜ. ರೋಗಿಯ ಗಮನ ಕುಂದಿರುವುದೂ ಸಹಜ. ಕೈಯಲ್ಲದ ಯಾವುದಾದರೊಂದು ಚಲಿಸುವ ವಸ್ತುವಿನೊಡನೆ ಹೋಲಿಸಿದ್ದರೆ ಈ ಶಂಕೆಗೆ ಉತ್ತರ ಸಿಗುತ್ತಿತ್ತು. ಮತ್ತೊಂದು ಮಾತು: ಔಷಧ ಸೇವಿಸಿದವರೂ ಸೇವಿಸದವರೂ ಬೇರೆಬೇರೆಯ ಜನ. ಒಬ್ಬನನ್ನೇ ಔಷಧಕ್ಕೆ ಮೊದಲೂ ಅನಂತರವೂ ಅಳೆದ ಹೊರತು, ಔಷಧದಿಂದ ಕೊರತೆ ನೀಗಿತೆಂಬ ತೀರ್ಮಾನಕ್ಕೆ ಈ ಹೋಲಿಕೆಯೊಂದೇ ಸಾಲದು. ಲೇಖಕರು ಇಷ್ಟನ್ನು ಅರಿಯದವರಲ್ಲ. ತಾವು ಅಳೆದುದನ್ನು ಅವರು ಬರಿಯ ‘ಕನ್ನಡಿಕೋಶಗಳ ಚಟುವಟಿಕೆ’ ಎನ್ನದೆ ‘ಊಹಿತ’ವೆಂಬ ವಿಶೇಷಣವನ್ನು ಸೇರಿಸಿದ್ದಾರೆ; ಕೊನೆಯಲ್ಲಿಯೂ ‘ಸಾಧ್ಯತೆ’ಯೆಂದೇ ಹೇಳಿದ್ದಾರೆ. ಇಂಥ ಲೇಖನಗಳ ಸಂಗತಿಯನ್ನು ಎತ್ತಿ ಹೇಳುವವರು ಮೊದಲು ಬಿಟ್ಟುಬಿಡುವುದು ಇಂಥ ವಿಶೇಷಣಗಳನ್ನೇ.

ಎರಡನೆಯ ಬಗೆಯ ಸಂಶೋಧನೆಯ ಕಥೆ ಬೇರೆ. ಸೆಕೆಂಡಿಗೆ ಸುಮಾರು ಒಂದರಂತೆ ಹದಿನೈದು ನಿಮಿಷ ಮಿಡಿತಗಳನ್ನು ಕೊಟ್ಟರೆ ಚಾಲಕ ತೊಗಟೆಯ ಉದ್ವೇಗವು ಸರಾಸರಿ ಐದರಲ್ಲೊಂದು ಪಾಲು ಕುಗ್ಗಿ, ಮಿಡಿತ ನಿಂತ ಬಳಿಕವೂ ಕೆಲಹೊತ್ತು ಹಾಗೆಯೇ ಇರುತ್ತದೆಂದು ಚೆನ್ ಮತ್ತು ಸಂಗಡಿಗರು ೧೯೯೭ರಲ್ಲಿ ಬರೆದರು. ೨೦೦೦ದಲ್ಲಿ ಜರ್ಮನಿಯ ಗಟಿಂಗೆನ್ನಿನ ನಿಟ್ಷೆ ಮತ್ತು ಪೌಲುಸ್ ಎಂಬವರು ಕಾಂತವನ್ನು ಬಿಟ್ಟು, ನೆತ್ತಿಯ ಮೇಲೆ ಒದ್ದೆಯ ಸ್ಪಂಜುಗಳನ್ನಿಟ್ಟು, ಬ್ಯಾಟರಿಯಿಂದ ಬರುವಂಥ ಮಂದವಾದ ಏಕಮುಖ ವಿದ್ಯುತ್ತನ್ನು ಹರಿಸಿದರು. ಧನಧ್ರುವದ ಕೆಳಗೆ ಉದ್ವೇಗವು ಏರುವುದೆಂದೂ ಋಣಧ್ರುವದ ಕೆಳಗೆ ಇಳಿಯುವುದೆಂದೂ, ವ್ಯತ್ಯಾಸವು ಶೇಕಡಾ ೪೦ರವರೆಗೆ ಹೋಗುವುದೆಂದೂ ಅವರು ಹೇಳಿದರು. ೨೦೦೫ರಲ್ಲಿ ಲಂಡನ್ನಿನಲ್ಲಿ ಹುವಾಂಗ್, ರಾತ್‌ವೆಲ್ ಮೊದಲಾದವರು ಮೂರು ಮೂರು ಮಿಡಿತಗಳ ಗೊಂಚಲುಗಳನ್ನು ಬಳಸಿದರು. ಬಿಡದೆ ಕೊಟ್ಟರೆ ನಲವತ್ತೇ ಸೆಕೆಂಡುಗಳಲ್ಲಿ ತೊಗಟೆ ತಣಿಯುತ್ತದೆ, ನಡುನಡುವೆ ನಿಲ್ಲಿಸಿ ಕೊಟ್ಟರೆ ಕೆರಳುತ್ತದೆ ಎಂಬುದು ಅವರ ಮತ. ಇಷ್ಟು ಅಂದವಾದ ಸೂತ್ರಗಳು ದೊರೆತ ಮೇಲೆ ಕೇಳಬೇಕೆ? ಏರಿಸುವ ಗುಂಡಿಯೊಂದು, ಇಳಿಸುವ ಗುಂಡಿಯೊಂದು ಕೈಗೆ ಬಂತೆಂದು ಎಣಿಸಿದ ಲೇಖನಗಳು ಸಾವಿರ ಸಾವಿರವಾಗಿ ಹೊರಟುವು.

ಮೊದಲ ಪ್ರಯೋಗಗಳೆಲ್ಲ ಸಣ್ಣ ಗುಂಪುಗಳ ಮೇಲೆ ನಡೆದಿದ್ದುವು. ಗುಂಪು ದೊಡ್ಡದಾದಂತೆ ಸೂತ್ರ ಸಡಿಲವಾಯಿತು. ೨೦೧೩ರಲ್ಲಿ ಹಮಾಡಾ ಮತ್ತು ರಾತ್‌ವೆಲ್ ಮೊದಲಾದವರು ಐವತ್ತಕ್ಕೂ ಹೆಚ್ಚು ಜನರನ್ನು ಗೊಂಚಲು ಮಿಡಿತಗಳಿಂದ ಪರೀಕ್ಷಿಸಲು, ಒಟ್ಟಿನಲ್ಲಿ ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಕೆಲವರಲ್ಲಿ ಏರಬೇಕಾದದ್ದು ಏರಿತು; ಕೆಲವರಲ್ಲಿ ಅದೇ ಇಳಿಯಿತು. ರಾತ್‌ವೆಲ್ ಅವರು ೨೦೦೫ರ ಮೂಲ ಪ್ರಯೋಗದಲ್ಲಿಯೂ ಇದ್ದವರೆಂಬುದನ್ನು ಗಮನಿಸತಕ್ಕದ್ದು. ತಮ್ಮದೇ ಸೂತ್ರವನ್ನು ತಾವೇ ಒರೆಗೆ ಹಚ್ಚಿ ಫಲವನ್ನು ಮುಚ್ಚಿಡದ ಈ ನಡತೆ ವಿರಳವಾದುದು. ಮರುವರ್ಷ ಲೋಪೆಜ್-ಅಲೊನ್ಸೊ ಮೊದಲಾದವರು ೫೬ ಜನರ ಮೇಲೆ ಮೂರು ಬೇರೆಬೇರೆ ವಿಧಾನಗಳನ್ನು ನಡೆಸಿ, ನಿರೀಕ್ಷಿಸಿದ ಫಲವನ್ನು ಕೊಟ್ಟವರು ಯಾವ ವಿಧಾನದಲ್ಲಿಯೂ ಅರ್ಧಕ್ಕೆ ಮುಟ್ಟಲಿಲ್ಲವೆಂದು ಬರೆದರು. ಏಕಮುಖ ವಿದ್ಯುತ್ತಿನಲ್ಲಿ ಶೇಕಡಾ ೪೫ ಜನ ಮಾತ್ರ ನಿರೀಕ್ಷೆಯಂತೆ ಬದಲಾದರು. ಅದೇ ವಿದ್ಯುತ್ತನ್ನು ಒಂದು ಮಿಲಿಆಂಪಿಯರಿನಿಂದ ಎರಡಕ್ಕೆ ಏರಿಸಿ ಇಪ್ಪತ್ತು ನಿಮಿಷ ಹರಿಸಿದರೆ, ಇಳಿಸಬೇಕಾದ ಋಣಧ್ರುವವೇ ಉದ್ವೇಗವನ್ನು ಏರಿಸುತ್ತದೆಂದು ಗಟಿಂಗೆನ್ನಿನಿಂದಲೇ ೨೦೧೩ರಲ್ಲಿ ವರದಿ ಬಂದಿತು. ೨೦೦೮ರಲ್ಲಿ ಗೆಂಟ್ನರ್ ಮತ್ತು ಸಂಗಡಿಗರು ಕಂಡದ್ದು ಇನ್ನೂ ಸ್ವಾರಸ್ಯವಾಗಿದೆ. ಇಪ್ಪತ್ತು ಸೆಕೆಂಡುಗಳ ಒಂದೇ ಮಿಡಿತಸರಣಿಯು, ಕೈ ಮೊದಲು ಸುಮ್ಮನಿದ್ದರೆ ಒಂದು ಫಲವನ್ನೂ, ಮೊದಲು ಕೆಲಹೊತ್ತು ಸ್ನಾಯುವನ್ನು ಬಿಗಿಹಿಡಿದಿದ್ದರೆ ಅದಕ್ಕೆ ವಿರುದ್ಧವಾದ ಫಲವನ್ನೂ ಕೊಟ್ಟಿತು. ಆಲಂಕಾರಿಕರ ಬೆಳುದಿಂಗಳ ನ್ಯಾಯವು ಇಲ್ಲಿ ಅಕ್ಷರಶಃ ನಡೆದಿದೆ.

ಹಾಗಾದರೆ ನಡುವಿನ ವರ್ಷಗಳಲ್ಲಿ ಪ್ರಕಟವಾದ ಅಷ್ಟೊಂದು ಲೇಖನಗಳಲ್ಲಿ ಸೂತ್ರವು ತಪ್ಪದೆ ಫಲಿಸಿದ್ದು ಹೇಗೆ? ಇದಕ್ಕೆ ಉತ್ತರವನ್ನು ಆಸ್ಟ್ರೇಲಿಯದ ಹೇರೂ, ಟೇಲರ್, ಗಂಡೇವಿಯಾ ಎಂಬವರು ೨೦೧೫ರಲ್ಲಿ ಹುಡುಕಿದರು. ಈ ವಿಧಾನಗಳನ್ನು ಬಳಸುವ ೪೭ ಸಂಶೋಧಕರು ಅವರ ಪ್ರಶ್ನೆಗಳಿಗೆ ಉತ್ತರವಿತ್ತರು. ಪ್ರಕಟವಾದ ಫಲವನ್ನು ತಮ್ಮ ಪ್ರಯೋಗಶಾಲೆಯಲ್ಲಿ ಮತ್ತೆ ಪಡೆಯಲು ಸಾಧ್ಯವಾಯಿತೆಂದು ಹೇಳಿದವರು ಸುಮಾರು ಅರ್ಧದಷ್ಟು ಜನ. ಒಳ್ಳೆಯ ಉತ್ತರ ಕೊಡುವವರನ್ನೇ ಮೊದಲು ಆರಿಸಿಕೊಂಡದ್ದನ್ನೂ, ಹೊಂದದ ಅಂಕಿಗಳನ್ನು ಮನಸ್ಸಿಗೆ ತೋರಿದಂತೆ ತೆಗೆದುಹಾಕಿದ್ದನ್ನೂ ಕೆಲವರು ಒಪ್ಪಿಕೊಂಡರು. ಇವರನ್ನೆಲ್ಲ ಮೋಸಗಾರರೆನ್ನುವುದು ಅನ್ಯಾಯವಾದೀತು. ಸ್ನಾಯುವಿನ ಉತ್ತರವು ಮಿಡಿತದಿಂದ ಮಿಡಿತಕ್ಕೆ ತಾನಾಗಿಯೇ ಏರಿಳಿಯುವಂಥದು. ಅಂಥ ಚಂಚಲವಾದ ಅಳತೆಯಲ್ಲಿ ಬಯಸಿದ್ದನ್ನು ಕಾಣುವುದು ಸುಲಭ. ಆದರೆ ಬಿಟ್ಟ ಅಂಕಿಗಳನ್ನು ಲೇಖನದಲ್ಲಿ ಹೇಳದೆ ಹೋದುದು ಕ್ಷಮಾರ್ಹವಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ಯೋಚಿಸಬೇಕು. ಚಾಲಕ ತೊಗಟೆಯನ್ನು ಮುಟ್ಟಿದರೆ ಬೆರಳು ಅದಿರುತ್ತದೆ, ಸಾಕ್ಷಿ ಕಣ್ಣೆದುರಿಗಿರುತ್ತದೆ. ಮಿದುಳಿನ ಮುಂಭಾಗವನ್ನು ಮುಟ್ಟಿದರೆ ಯಾವುದೂ ಅದಿರುವುದಿಲ್ಲ. ಆದುದರಿಂದ ಬೇರೆ ಭಾಗಗಳಿಗೆ ಬೇಕಾದ ಪ್ರಮಾಣವನ್ನೂ ಹೆಬ್ಬೆರಳಿನಿಂದಲೇ ಗೊತ್ತುಮಾಡುವ ರೂಢಿ ಬೆಳೆಯಿತು. ೨೦೦೮ರಲ್ಲಿ ಅಮೆರಿಕದ ಸರಕಾರವು ವಿಷಾದರೋಗಕ್ಕೆ ಒಪ್ಪಿಗೆ ಕೊಟ್ಟ ಕಾಂತಚಿಕಿತ್ಸೆಯಲ್ಲಿ ಮುಂಭಾಗಕ್ಕೆ ಕೊಡುವ ಶಕ್ತಿಯು ಚಾಲಕ ಹೊಸ್ತಿಲಿನ ಶೇಕಡಾ ೧೨೦. ಸುರುಳಿಯನ್ನು ಇಡತಕ್ಕ ಸ್ಥಳವು ಬೆರಳು ಅದಿರುವ ಜಾಗದಿಂದ ೫ ಸೆಂಟಿಮೀಟರು ಮುಂದೆ. ಒಬ್ಬರ ಮೊಳದಿಂದ ಎಲ್ಲರ ಬಟ್ಟೆಯನ್ನೂ ಅಳೆದಂತಾಯಿತು ಈ ಕ್ರಮ. ಆ ಚಿಕಿತ್ಸೆಯ ಗುಣವು ತನ್ನದೇ ಆದ ಬೇರೆ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿದೆ. ಅದನ್ನು ಇಲ್ಲಿ ಅಲ್ಲಗಳೆಯುವ ಉದ್ದೇಶವಿಲ್ಲ. ಏರಿಸುವ ಇಳಿಸುವ ಸೂತ್ರದ ಮಾತು ಮಾತ್ರ ಬೇರೆ. ಸಾಕ್ಷಿಯಿರುವ ಚಾಲಕ ತೊಗಟೆಯಲ್ಲಿಯೇ ಆ ಸೂತ್ರವು ಅರ್ಧ ಜನರಲ್ಲಿ ತಪ್ಪಿತೆಂದ ಮೇಲೆ, ಸಾಕ್ಷಿಯಿಲ್ಲದ ಕಡೆಗಳಲ್ಲಿ ಅದನ್ನು ನಂಬಿ ವ್ಯಾಖ್ಯಾನ ಬರೆಯುವುದು ಯಾವ ಧೈರ್ಯದಿಂದ?

ಈ ಚರ್ಚೆ ವಿದ್ವಾಂಸರ ಒಳಜಗಳವಾಗಿದ್ದರೆ ಇಷ್ಟು ಬೆಳೆಸಬೇಕಾಗಿರಲಿಲ್ಲ. ವಿಜಯಪುರದ ಜೋರಾಪುರ ಪೇಟೆಯಂಥ ಕಡೆ ಒಬ್ಬ ವ್ಯಾಪಾರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತೆಂದು ಭಾವಿಸೋಣ. ಲೆಕ್ಕ ಬರೆಯುವ ಕೈ, ತಕ್ಕಡಿ ಹಿಡಿಯುವ ಕೈ, ತುತ್ತು ಎತ್ತುವ ಕೈ ಅದು. ಮನೆಯವರು ಕೇಳುವ ಪ್ರಶ್ನೆ ಒಂದೇ: ‘ಕೈ ಮತ್ತ ಏಳತದೇನ್ರಿ?’ ಬೆಂಗಳೂರು ಅಲ್ಲಿಗೆ ಐನೂರು ಕಿಲೋಮೀಟರಿಗೂ ಮಿಕ್ಕ ದೂರ. ಯಂತ್ರದ ಸುದ್ದಿ ಮಾತ್ರ ಮನೆಯ ಪಡಸಾಲೆಗೇ ಬಂದು ಮುಟ್ಟುತ್ತದೆ, ಬ್ಯಾಟರಿಯ ಪೆಟ್ಟಿಗೆಗಳು ಅಂಚೆಯಲ್ಲಿಯೇ ಬರುತ್ತವೆ. ಆ ಪೆಟ್ಟಿಗೆಯ ವಿದ್ಯುತ್ತಿನ ಸುಮಾರು ಮುಕ್ಕಾಲು ಪಾಲು ಚರ್ಮ ಎಲುಬುಗಳಲ್ಲಿಯೇ ಹಂಚಿಹೋಗುತ್ತದೆಂದು ಶವಗಳ ಮೇಲೆ ನಡೆಸಿ ೨೦೧೮ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದು ಹೇಳುತ್ತದೆಂಬುದನ್ನು ಮಾರುವವರು ತಿಳಿಸುವುದಿಲ್ಲ.

ಲಕ್ವದ ಚಿಕಿತ್ಸೆಗೆ ಕಾಂತೋದ್ದೀಪನವನ್ನು ತಂದವರ ತರ್ಕವು ತಕ್ಕಡಿಯ ತರ್ಕ. ಮಿದುಳಿನ ಎರಡು ಅರ್ಧಗಳು ಒಂದನ್ನೊಂದು ತಡೆಯುತ್ತಿರುತ್ತವೆ. ಒಂದು ಕಡೆ ಕೆಟ್ಟಾಗ ಒಳ್ಳೆಯ ಕಡೆಯ ತಟ್ಟೆ ಭಾರವಾಗಿ, ಕೆಟ್ಟ ಕಡೆಯನ್ನು ಮತ್ತಷ್ಟು ಅದುಮುತ್ತದೆ. ಆದುದರಿಂದ ಒಳ್ಳೆಯ ಕಡೆಗೆ ನಿಧಾನವಾದ ಮಿಡಿತಗಳನ್ನು ಕೊಟ್ಟು ಅದನ್ನು ತಣಿಸಬೇಕು. ತರ್ಕವು ಚೆಲುವಾಗಿದೆ, ಆದರೆ ಹೆಚ್ಚು ಹಾನಿಯಾದವರಲ್ಲಿ ಒಳ್ಳೆಯ ಕಡೆಯೇ ಕೈಗೆ ಊರೆಗೋಲಾಗಿರುವ ಸಂಭವವನ್ನು ಅದು ಲೆಕ್ಕಕ್ಕೆ ತಂದುಕೊಂಡಿಲ್ಲ. ಅಮೆರಿಕದ ಹನ್ನೆರಡು ಕೇಂದ್ರಗಳಲ್ಲಿ, ಲಕ್ವ ಹೊಡೆದು ಮೂರರಿಂದ ಹನ್ನೆರಡು ತಿಂಗಳಾಗಿದ್ದ ೧೯೯ ಜನರ ಮೇಲೆ ಈ ತರ್ಕವನ್ನು ಪರೀಕ್ಷಿಸಿ ೨೦೧೮ರಲ್ಲಿ ಫಲವನ್ನು ಪ್ರಕಟಿಸಿದರು. ಆರು ತಿಂಗಳ ಬಳಿಕ ಗೊತ್ತಾದ ಮಟ್ಟಕ್ಕೆ ಕೈ ಸುಧಾರಿಸಿದವರು, ನಿಜವಾದ ಮಿಡಿತ ಪಡೆದವರಲ್ಲಿ ಶೇಕಡಾ ೬೭. ಹುಸಿ ಸುರುಳಿಯ ಕೆಳಗೆ ಕೂತವರಲ್ಲಿ ಶೇಕಡಾ ೬೫.

ಇದರಿಂದ ವಾದ ಮುಗಿಯಿತೆನ್ನಲಾಗದು. ೨೦೨೦ರಲ್ಲಿ ಲೆಫೋಷೇರ್ ಮತ್ತು ಹಲವು ಯುರೋಪಿಯನ್ ತಜ್ಞರು ಕೂಡಿ ಹೊರಡಿಸಿದ ಮಾರ್ಗದರ್ಶಿಯು, ಲಕ್ವದ ಮೊದಲ ತೀವ್ರ ಘಟ್ಟ ಕಳೆದ ಹತ್ತಿರದ ಕಾಲದಲ್ಲಿ ಇದೇ ಚಿಕಿತ್ಸೆಗೆ ಅತ್ಯುಚ್ಚ ದರ್ಜೆಯ ಪ್ರಮಾಣವಿದೆಯೆಂದು ಹೇಳುತ್ತದೆ. ಕಾಲದ ಅಂತರವೇ ಈ ಭೇದಕ್ಕೆ ಕಾರಣವಾಗಿರಬಹುದು. ಹುಸಿ ಸುರುಳಿಯೂ ಅಲ್ಪ ವಿದ್ಯುತ್ತನ್ನು ಹುಟ್ಟಿಸಿರಬಹುದೆಂಬ ಆಕ್ಷೇಪವೂ ಉಂಟು. ಆದರೆ ಮಾರ್ಗದರ್ಶಿಯ ಬೆನ್ನಿಗಿರುವ ಪ್ರಯೋಗಗಳು ಬಹುಮಟ್ಟಿಗೆ ಚಿಕ್ಕವು. ಚಿಕ್ಕ ಪ್ರಯೋಗಗಳನ್ನು ರಾಶಿಹಾಕಿ ಪಡೆದ ದರ್ಜೆ ಎಷ್ಟು ಬಾಳುತ್ತದೆಂಬುದನ್ನು ಚಾಲಕ ತೊಗಟೆಯ ಸೂತ್ರಗಳ ಚರಿತ್ರೆಯೇ ಕಲಿಸಿದೆ.

ಅಮೆರಿಕದ ಆ ಪರೀಕ್ಷೆಯನ್ನು ಓದುವವರು ೬೭ರ ಮತ್ತು ೬೫ರ ನಡುವಣ ಅಂತರವನ್ನೇ ನೋಡಿ ಪುಟವನ್ನು ಮುಚ್ಚುವುದುಂಟು. ೬೫ ಎಂಬುದು ತಾನೇ ದೊಡ್ಡ ಅಂಕಿ. ಎರಡು ಗುಂಪಿನವರೂ ಆರು ವಾರಗಳಲ್ಲಿ ಹದಿನೆಂಟು ಸಲ ಬಂದು, ಪ್ರತಿಸಲವೂ ಮಿಡಿತದೊಡನೆ ಕೈಕೆಲಸದ ಅಭ್ಯಾಸವನ್ನು ತಜ್ಞರ ಎದುರಿಗೆ ಮಾಡಿದ್ದರು. ಅಭ್ಯಾಸವನ್ನೂ ಮಾಡದ ಮೂರನೆಯ ಗುಂಪೊಂದನ್ನು ಇಟ್ಟಿರಲಿಲ್ಲವಾದುದರಿಂದ, ಆ ಸುಧಾರಣೆಯಲ್ಲಿ ಅಭ್ಯಾಸದ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬಿಡಿಸುವುದಕ್ಕೆ ಆ ಪರೀಕ್ಷೆಯಲ್ಲಿ ಆಧಾರವಿಲ್ಲ. ಅದನ್ನು ಬಿಡಿಸಲು ಸುರುಳಿಯೂ ಬೇಡ, ಸಾವಿರಾರು ಆಂಪಿಯರೂ ಬೇಡ. ಒಂದು ಮೇಜು, ಹಿಡಿದೆತ್ತಿ ಇಡುವ ಕೆಲವು ಸಾಮಾನು, ವಾರಕ್ಕೆ ಮೂರು ಸಲ ಎದುರಿಗೆ ಕೂರುವ ಒಬ್ಬ ತಿಳಿದವರು ಇದ್ದರೆ, ಆ ಪರೀಕ್ಷೆಯನ್ನು ವಿಜಯಪುರದಲ್ಲಿಯೇ ನಡೆಸಬಹುದು.